ಎಂಜಿನ್ ಸ್ವಾಪ್: ಗುಜರಿ ಅಂಗಡಿಯಿಂದ ಶುರುವಾದ ಇತಿಹಾಸ

ಇವತ್ತಿನ ಎಪಿಸೋಡ್‌ನ ವಿಷಯ ಎಂಜಿನ್ ಸ್ವಾಪ್. ಅಂದ್ರೆ ಒಂದು ಕಾರಿನ ಎಂಜಿನ್ ಇಳಿಸಿ, ಅದೇ ಜಾಗದಲ್ಲಿ ಇನ್ನೊಂದು ಕಾರಿನ ಎಂಜಿನ್ ಕೂರಿಸೋದು. ಅದೂ ಕಂಪನಿಯ ವರ್ಕ್‌ಶಾಪ್‌ನಲ್ಲಲ್ಲ, ಮನೆ ಪಕ್ಕದ ಶೆಡ್‌ನಲ್ಲಿ, ಒಂದು ಚೈನ್ ಪುಲ್ಲಿ ಮತ್ತು ಇಬ್ಬರು ಗೆಳೆಯರನ್ನು ಇಟ್ಟುಕೊಂಡು.

ವಿಡಿಯೋಗಳನ್ನು ನೋಡಿದ್ರೆ ಇದೆಲ್ಲ ಪವರ್ ಹುಚ್ಚು ಅನ್ನಿಸುತ್ತೆ. ನಾನು ಓದಿದ್ದು ಬಿ.ಕಾಂ., ನನ್ನ ಕಣ್ಣು ಮೊದಲು ಹೋಗೋದು ಖರ್ಚಿನ ಕಡೆಗೆ. ಆ ಕಡೆಯಿಂದ ಈ ಇತಿಹಾಸ ಓದಿದಾಗ ಒಂದು ವಿಷಯ ಎದ್ದು ಕಾಣುತ್ತೆ. ಸುಮಾರು ತೊಂಬತ್ತು ವರ್ಷಗಳಿಂದ ಜನ ಸ್ವಾಪ್‌ಗೆ ಆರಿಸಿಕೊಂಡಿದ್ದು ಹೆಚ್ಚಾಗಿ ಗುಜರಿಯಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುತ್ತಿದ್ದ ಎಂಜಿನ್‌ಗಳನ್ನ.

ಶುರು ಮಾಡೋಣ ಅಮೆರಿಕದಿಂದ. 1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯ ಜನರಿಗೆ ಎಟುಕುವ ಬೆಲೆಯಲ್ಲಿ ವಿ8 ಎಂಜಿನ್ ಇರುವ ಕಾರು ತಂದರು. 3.6 ಲೀಟರ್, 65 ಹಾರ್ಸ್‌ಪವರ್. ಅದಕ್ಕೂ ಮೊದಲಿನ ಫೋರ್ಡ್ ಮಾಡೆಲ್ ಎ ಕಾರಿಗೆ ಇದ್ದದ್ದು ನಾಲ್ಕು ಸಿಲಿಂಡರ್, 40 ಹಾರ್ಸ್‌ಪವರ್. ಎಂಟು ಸಿಲಿಂಡರ್ ಅಂದ್ರೆ ಅಲ್ಲಿಯವರೆಗೆ ಶ್ರೀಮಂತರ ಸ್ವತ್ತು. ಫೋರ್ಡ್ ಇಡೀ ಸಿಲಿಂಡರ್ ಬ್ಲಾಕ್‌ನ ಒಂದೇ ಎರಕದಲ್ಲಿ, ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ಕಂಡುಕೊಂಡಿದ್ದರಿಂದ ಬೆಲೆ ಇಳೀತು.

ಕೆಲವು ವರ್ಷ ಕಳೀತು. ಈ ವಿ8 ಕಾರುಗಳು ಅಪಘಾತವಾಗಿ, ಹಳೆಯದಾಗಿ ಗುಜರಿಗೆ ಬರೋಕೆ ಶುರುವಾದ್ವು. ಇನ್ನೊಂದು ಕಡೆ ಸುಮಾರು 48 ಲಕ್ಷ ಮಾಡೆಲ್ ಎ ಕಾರುಗಳು ತಯಾರಾಗಿದ್ವು, ಅವು ಸೆಕೆಂಡ್ ಹ್ಯಾಂಡ್‌ನಲ್ಲಿ ಪುಡಿಗಾಸಿಗೆ ಸಿಗ್ತಿದ್ವು. ಹಗುರವಾದ ಹಳೇ ಬಾಡಿ, ಗುಜರಿಯ ಎಂಜಿನ್. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಎರಡನ್ನೂ ಜೋಡಿಸಿದರು. ಮ್ಯೂರಾಕ್ ಅನ್ನೋ ಒಣಗಿದ ಕೆರೆಯ ಸಮತಟ್ಟು ನೆಲದಲ್ಲಿ ಓಡಿಸಿ ಎಷ್ಟು ವೇಗ ಬರುತ್ತೆ ಅಂತ ಅಳೆದರು. ಇವೇ ಮುಂದೆ ಹಾಟ್ ರಾಡ್ ಅಂತ ಹೆಸರಾದ್ವು. 1948ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಬಂತು. ಆಗ ಒಬ್ಬರ ಶೆಡ್‌ನಲ್ಲಿ ಕಂಡುಕೊಂಡ ಉಪಾಯ ದೇಶದ ಇನ್ನೊಂದು ಮೂಲೆಯ ಶೆಡ್‌ಗೂ ತಲುಪೋಕೆ ಸಾಧ್ಯವಾಯ್ತು.

ಎರಡನೇ ತಿರುವು 1955. ಷೆವರ್ಲೆ ಕಂಪನಿ ಸ್ಮಾಲ್ ಬ್ಲಾಕ್ ವಿ8 ತಂತು, 4.3 ಲೀಟರ್. ಗಾತ್ರ ಚಿಕ್ಕದು, ತೂಕ ಆ ಕಂಪನಿಯದ್ದೇ ಆರು ಸಿಲಿಂಡರ್ ಎಂಜಿನ್‌ಗಿಂತ ಕಡಿಮೆ. ಎಷ್ಟೋ ವರ್ಷ ಅದರ ಹೊರಗಿನ ಅಳತೆ ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಒಂದು ವರ್ಷದ ಎಂಜಿನ್‌ಗೆ ಮಾಡಿದ ಬ್ರಾಕೆಟ್ ಬಹಳ ಸಲ ಇನ್ನೊಂದು ವರ್ಷದ್ದಕ್ಕೂ ಕೂರ್ತಿತ್ತು. 2011ರಲ್ಲಿ ಜನರಲ್ ಮೋಟಾರ್ಸ್ ತನ್ನ 10 ಕೋಟಿಯ ಸ್ಮಾಲ್ ಬ್ಲಾಕ್ ಎಂಜಿನ್ ತಯಾರಿಸ್ತು. ಅಷ್ಟು ಎಂಜಿನ್ ಇದ್ರೆ ಗುಜರಿಯಲ್ಲಿ ಕೊರತೆ ಎಲ್ಲಿಂದ ಬರಬೇಕು?

ಇಲ್ಲಿ ಸ್ವಲ್ಪ ನಿಂತು, ಸ್ವಾಪ್‌ನಲ್ಲಿ ನಿಜವಾದ ಕಷ್ಟ ಎಲ್ಲಿದೆ ಅಂತ ನೋಡೋಣ. ಎಂಜಿನ್ ಎತ್ತಿ ಇಳಿಸೋದು ಭಾರದ ಕೆಲಸ, ಅಪಾಯದ ಕೆಲಸ. ನೇತಾಡೋ ಎಂಜಿನ್ ಕೆಳಗೆ ಕೈ ಇಡಬಾರದು, ಇದು ಮೊದಲ ಪಾಠ. ಆದರೆ ತಲೆನೋವು ಇರೋದು ಎಂಜಿನ್‌ನ ಸುತ್ತ. ಗೇರ್‌ಬಾಕ್ಸ್ ಸೇರೋ ಕಡೆ ಬೋಲ್ಟ್ ತೂತುಗಳು ಹೊಂದಬೇಕು. ಕ್ಲಚ್ ಪ್ಲೇಟ್ ನಡುವಿನ ಹಲ್ಲುಗಳಿಗೆ ಗೇರ್‌ಬಾಕ್ಸ್ ಶಾಫ್ಟ್ ಸರಿಹೋಗಬೇಕು. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ತಪ್ಪಿದ್ರೆ ಇಡೀ ಗಾಡಿ ನಡುಗುತ್ತೆ. ದೊಡ್ಡ ಎಂಜಿನ್‌ಗೆ ಹಳೇ ರೇಡಿಯೇಟರ್ ಸಾಲಲ್ಲ. ಎಲ್ಲಕ್ಕಿಂತ ಮುಖ್ಯ, ವೇಗ ಹೆಚ್ಚಾದ ಗಾಡಿಯನ್ನ ನಿಲ್ಲಿಸಬೇಕಾಗಿರೋದು ಅದೇ ಹಳೇ ಬ್ರೇಕು. ಬಿಲ್ ಬರೆದು ನೋಡಿದ್ರೆ ಎಂಜಿನ್ ಒಂದು ಸಾಲು, ಉಳಿದದ್ದು ಒಂದು ಪುಟ. ಈ ಪುಟದಲ್ಲೇ ಒಂದು ವ್ಯಾಪಾರವೂ ಹುಟ್ತು. ಮುಂದೆ ಗೇರ್ ಶಿಫ್ಟರ್‌ಗೆ ಹೆಸರಾದ ಜಾರ್ಜ್ ಹರ್ಸ್ಟ್, ಶುರುವಿನಲ್ಲಿ ಮಾರಿದ್ದು ಇಂಥ ಸ್ವಾಪ್‌ಗೆ ಬೇಕಾದ ಎಂಜಿನ್ ಮೌಂಟ್‌ಗಳನ್ನ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಸ್ವಾಪ್‌ಗೆ ಕಾರಣ ವೇಗ ಅಲ್ಲ, ಉಳಿತಾಯ. ದಶಕಗಳ ಕಾಲ ಸರ್ಕಾರ ಡೀಸೆಲ್ ಬೆಲೆಯನ್ನ ಪೆಟ್ರೋಲ್‌ಗಿಂತ ಕೆಳಗೆ ಹಿಡಿದಿಟ್ಟಿತ್ತು. ಪೆಟ್ರೋಲ್ ಬೆಲೆಯ ನಿಯಂತ್ರಣ ಹೋಗಿದ್ದು 2010ರಲ್ಲಿ, ಡೀಸೆಲ್‌ದು 2014ರಲ್ಲಿ. ಅಲ್ಲಿಯವರೆಗೆ ದಿನಾ ಓಡೋ ಗಾಡಿಗೆ ಡೀಸೆಲ್ ಎಂಜಿನ್ ಹಾಕಿಸೋದು ಶೋಕಿ ಅಲ್ಲ, ಲೆಕ್ಕಾಚಾರ. ಮಲೆನಾಡು, ಕೊಡಗಿನ ತೋಟಗಳ ಕಡೆ ಹಳೇ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದನ್ನ ಹಿರಿಯರಲ್ಲಿ ಕೇಳಿ, ಹೇಳ್ತಾರೆ. ಮಹೀಂದ್ರ ಕಂಪನಿ ಫ್ರಾನ್ಸ್‌ನ ಪೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್‌ಗಳನ್ನ ಇಲ್ಲೇ ತಯಾರಿಸ್ತಿದ್ದರಿಂದ ಬಿಡಿಭಾಗಕ್ಕೆ ಪರದಾಡಬೇಕಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಅಂಗಡಿಗಳು ಈ ಕಥೆಯ ಕ್ಯಾಲಿಫೋರ್ನಿಯಾ ಅಂದ್ಕೊಳ್ಳಿ.

ಡೀಸೆಲ್‌ಗೆ ಇನ್ನೊಂದು ಅನುಕೂಲ ಇತ್ತು. ಆ ಕಾಲದ ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಂಪ್ಯೂಟರ್ ಇಲ್ಲ, ವೈರಿಂಗ್ ತೀರಾ ಕಡಿಮೆ. ಡೀಸೆಲ್ ಬರಬೇಕು, ಸ್ಟಾರ್ಟರ್ ತಿರುಗಿಸೋಕೆ ಗಟ್ಟಿ ಬ್ಯಾಟರಿ ಬೇಕು, ಹೆಚ್ಚಿದ ಭಾರಕ್ಕೆ ಮುಂದಿನ ಸ್ಪ್ರಿಂಗ್ ಬಲಪಡಿಸಬೇಕು. ಲೇತ್ ಮತ್ತು ವೆಲ್ಡಿಂಗ್ ಗೊತ್ತಿರೋ ಮೆಕ್ಯಾನಿಕ್ ಊರಲ್ಲೇ ಮಾಡಬಹುದಾದ ಕೆಲಸ.

ಕಂಪನಿಗಳೂ ಮಾಡಿದ್ದು ಇದನ್ನೇ ತಾನೇ? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ನಮ್ಮ ಅಂಬಾಸಿಡರ್‌ಗೆ 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಕೂರಿಸಿದರು. 1950ರ ದಶಕದ ಬಾಡಿ, ಹೊಸ ಕಾಲದ ಎಂಜಿನ್. ಕಂಪನಿ ಮಾಡಿದ್ರೆ ಅದು ಹೊಸ ಮಾಡೆಲ್, ಮೆಕ್ಯಾನಿಕ್ ಮಾಡಿದ್ರೆ ಅದು ಜುಗಾಡ್.

ಹಾಗಾದ್ರೆ ಈ ದಾರಿ ಯಾಕೆ ಮುಚ್ಚಿಕೊಳ್ತಾ ಬಂತು? ಎರಡು ಕಾರಣ. ಒಂದು ಎಲೆಕ್ಟ್ರಾನಿಕ್ಸ್. ಈಗಿನ ಕಾರಿನಲ್ಲಿ ಎಂಜಿನ್, ಕೀ, ಬ್ರೇಕ್, ಮೀಟರ್ ಎಲ್ಲ ಒಂದಕ್ಕೊಂದು ಮಾತಾಡ್ತವೆ. ಗುರುತಿಲ್ಲದ ಎಂಜಿನ್ ಕೂರಿಸಿದ್ರೆ ಕಾರು ಸ್ಟಾರ್ಟ್ ಆಗೋದೇ ಅನುಮಾನ.

ಇನ್ನೊಂದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲು ಇದ್ದ ರೂಪದಲ್ಲಿ, ಆರ್‌ಟಿಒಗೆ ತಿಳಿಸಿ ಒಪ್ಪಿಗೆ ಪಡೆದ್ರೆ ಬದಲಾವಣೆಗೆ ಅವಕಾಶ ಇತ್ತು. 2000ದ ತಿದ್ದುಪಡಿ ಬಂದ ಮೇಲೆ ತಯಾರಕರು ಕೊಟ್ಟ ಮೂಲ ವಿವರವೇ ಅಳತೆಗೋಲಾಯ್ತು. ಸಿಎನ್‌ಜಿ, ಬ್ಯಾಟರಿ ಥರದ ಅನುಮೋದಿತ ಕಿಟ್‌ಗಳಿಗೆ ಮಾತ್ರ ವಿನಾಯಿತಿ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಕಾನೂನು ಕೇಳೋ ಪ್ರಶ್ನೆ ತಪ್ಪಲ್ಲ. ಬ್ರೇಕ್ ಸಾಲದ ಗಾಡಿ ರಸ್ತೆಗೆ ಇಳಿದ್ರೆ ಸಾಯೋದು ಓನರ್ ಒಬ್ಬರೇ ಅಲ್ಲ. ಹೊಗೆ ಕುಡಿಯೋದು ಊರೆಲ್ಲ. ಆದರೆ ಉತ್ತರ ಬರೀ ‘ಬೇಡ’ ಅಂತಲೇ ಇರಬೇಕಾ? ಹೊಗೆ ನಿಯಮಗಳಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿ ಇವತ್ತಿಗೂ ಸ್ವಾಪ್ ಮಾಡಬಹುದು. ಷರತ್ತು ಇಷ್ಟು: ಹೊಸ ಎಂಜಿನ್ ಗಾಡಿಯ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಅದರ ಹೊಗೆ ನಿಯಂತ್ರಣದ ಭಾಗಗಳೆಲ್ಲ ಜೊತೆಗೇ ಬರಬೇಕು. ರೆಫರಿ ಅಂತ ಕರೆಯೋ ಸರ್ಕಾರಿ ವ್ಯವಸ್ಥೆಯ ತಪಾಸಕರು ಗಾಡಿಯನ್ನ ನೋಡಿ ಪಾಸ್ ಮಾಡ್ತಾರೆ. ಅಂದ್ರೆ ಕೆಲಸ ಮನೆಯಲ್ಲಿ, ಪರೀಕ್ಷೆ ಹೊರಗೆ.

ನಮ್ಮಲ್ಲಿ ಈ ಕೈಕಸುಬು ಗೊತ್ತಿರೋ ಮೆಕ್ಯಾನಿಕ್‌ಗಳು ಈಗ ವಯಸ್ಸಾದವರು. ನಾಳೆ ಹಳೇ ಕಾರುಗಳಿಗೆ ಬ್ಯಾಟರಿ, ಮೋಟಾರ್ ಕೂರಿಸೋ ಕೆಲಸ ಹೆಚ್ಚಾದ್ರೆ, ಮೌಂಟ್ ಎಲ್ಲಿ ಬರಬೇಕು, ಭಾರ ಎಲ್ಲಿ ಬೀಳಬೇಕು, ಶಾಫ್ಟ್ ಹೇಗೆ ಸೇರಬೇಕು ಅನ್ನೋ ಅದೇ ಹಳೇ ಪ್ರಶ್ನೆಗಳು ಮತ್ತೆ ಬರ್ತವೆ. ಆಗ ಉತ್ತರ ಗೊತ್ತಿರೋರು ಬೇಕಲ್ವಾ? ನಿಮ್ಮ ಊರಲ್ಲಿ ಅಂಥ ಮೆಕ್ಯಾನಿಕ್ ಇದ್ರೆ ಒಂದು ಸಂಜೆ ಹೋಗಿ ಕೂತು ಕೇಳಿ, ಸಾಧ್ಯವಾದ್ರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.