ಖಾಲಿ ಕೋಣೆಯಿಂದ ಜೀವಕೋಶದವರೆಗೆ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಚರಿತ್ರೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುತ್ತದೆ: 1665ರಲ್ಲಿ ರಾಬರ್ಟ್ ಹುಕ್ ಜೀವಕೋಶವನ್ನು ಕಂಡುಹಿಡಿದರು. ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದ ಉತ್ತರವದು. ಉತ್ತರ ಸರಿಯೇ. ಆದರೆ ಅದರ ಹಿಂದೆ ಸುಮಾರು ಇನ್ನೂರು ವರ್ಷಗಳ ಕತೆಯಿದೆ. ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಅದನ್ನು ತಿಳಿಯಲೇಬೇಕು ಎಂಬುದು ನನ್ನ ಆಸೆ.

ಹುಕ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುವ ಹೊಣೆ ಹೊತ್ತಿದ್ದವರು. ಬಾಟಲಿಗೆ ಹಾಕುವ ಬೆಂಡನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೇನುಗೂಡಿನಂಥ ಸಾಲು ಸಾಲು ಕೋಣೆಗಳು ಕಂಡವು. ಒಂದು ಘನ ಅಂಗುಲದಲ್ಲಿ ಅಂಥವು 120 ಕೋಟಿಗೂ ಹೆಚ್ಚು ಇರಬೇಕೆಂದು ಅವರು ಲೆಕ್ಕ ಹಾಕಿದರು. ಚಿಕ್ಕ ಕೋಣೆ ಎಂಬ ಅರ್ಥದಲ್ಲಿ ಅವಕ್ಕೆ 'ಸೆಲ್' ಎಂದರು. ಬೆಂಡು ಸತ್ತ ಅಂಗಾಂಶ; ಅಲ್ಲಿ ಉಳಿದಿದ್ದುದು ಕೋಶಭಿತ್ತಿ ಮಾತ್ರ. ಕನ್ನಡದ 'ಕೋಶ' ಎಂಬ ಮಾತಿಗೆ ಭಂಡಾರ ಎಂಬ ಅರ್ಥವೂ ಇದೆ. ಹುಕ್ ಕಂಡದ್ದು ಬರಿದಾದ ಭಂಡಾರವನ್ನು.

ತುಂಬಿದ ಭಂಡಾರ ಕಂಡವರು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲ್ಯೂವೆನ್‌ಹುಕ್. ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ. ತಮ್ಮ ಕೈಯಿಂದಲೇ ಪುಟ್ಟ ಮಸೂರಗಳನ್ನು ಮಾಡಿ, ಹಿತ್ತಾಳೆ, ಬೆಳ್ಳಿಯ ತಗಡುಗಳ ನಡುವೆ ಕೂರಿಸಿ ನೋಡುತ್ತಿದ್ದರು. ಉಳಿದಿರುವ ಅವರ ಮಸೂರಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ನೀರಿನಲ್ಲಿ ಓಡಾಡುವ ಅತಿಸೂಕ್ಷ್ಮ ಜೀವಿಗಳನ್ನು ಕಂಡು 1676ರಲ್ಲಿ ತಾಯ್ನುಡಿ ಡಚ್ಚಿನಲ್ಲೇ ರಾಯಲ್ ಸೊಸೈಟಿಗೆ ಪತ್ರ ಬರೆದರು. ಅಲ್ಲಿನವರು ಸುಲಭವಾಗಿ ನಂಬಲಿಲ್ಲ. ಲ್ಯೂವೆನ್‌ಹುಕ್ ಊರಿನ ಗಣ್ಯರಿಗೆ ತೋರಿಸಿ ಅವರ ಸಾಕ್ಷಿಪತ್ರಗಳನ್ನು ಕಳುಹಿಸಿದರು. ಕೊನೆಗೆ 1677ರಲ್ಲಿ ಹುಕ್ ತಾವೇ ಪ್ರಯೋಗ ಮಾಡಿ, ಆ ಜೀವಿಗಳನ್ನು ಸೊಸೈಟಿಯ ಸದಸ್ಯರಿಗೆ ತೋರಿಸಿದರು. 1680ರಲ್ಲಿ ವ್ಯಾಪಾರಿ ಆ ಸೊಸೈಟಿಯ ಫೆಲೋ ಆದರು.

ಮುಂದಿನ ಹೆಜ್ಜೆಗೆ ಒಂದೂವರೆ ಶತಮಾನ ಹಿಡಿಯಿತು. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಒಂದು ದುಂಡನೆಯ ಭಾಗವನ್ನು ಗುರುತಿಸಿ ಹೆಸರಿಟ್ಟರು. ಅದೇ ಕೋಶಕೇಂದ್ರ. ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದು 1838ರಲ್ಲಿ ಶ್ಲೀಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಹೇಳಿದರು. ಆಲದ ಮರವೂ ಆಡಿನ ಮರಿಯೂ ಒಂದೇ ಬಗೆಯ ಇಟ್ಟಿಗೆಗಳಿಂದ ಕಟ್ಟಿದವು ಎಂಬ ಅರಿವು ಆಗ ಬಂತು.

ಆದರೆ ಹೊಸ ಕೋಶ ಬರುವುದು ಎಲ್ಲಿಂದ? ದ್ರವದಲ್ಲಿ ಹರಳುಗಟ್ಟುವಂತೆ ಕೋಶಗಳು ಹುಟ್ಟುತ್ತವೆ ಎಂದು ಅವರಿಬ್ಬರೂ ನಂಬಿದ್ದರು. ಅದು ತಪ್ಪು, ಇರುವ ಕೋಶ ಒಡೆದು ಎರಡಾಗುತ್ತದೆ ಎಂದು ಕೋಳಿಯ, ಕಪ್ಪೆಯ ಭ್ರೂಣಗಳನ್ನು ಪರೀಕ್ಷಿಸಿ 1852ರಲ್ಲಿ ಬರೆದವರು ಬರ್ಲಿನ್‌ನ ರಾಬರ್ಟ್ ರೆಮಾಕ್. ಅವರು ಯಹೂದಿ. ಅಂದಿನ ಪ್ರಷ್ಯಾದಲ್ಲಿ ಧರ್ಮ ಬದಲಿಸದ ಯಹೂದಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ದೂರದ ಮಾತಾಗಿತ್ತು. ರೆಮಾಕ್ ಅವರಿಗೆ ಅದು ಕೊನೆಯವರೆಗೂ ಸಿಗಲಿಲ್ಲ. 1855ರಲ್ಲಿ ರುಡಾಲ್ಫ್ ವಿರ್ಕೋ ಇದೇ ವಿಚಾರವನ್ನು ಒಂದು ಲ್ಯಾಟಿನ್ ಸೂತ್ರದಲ್ಲಿ ಹೇಳಿದರು, ರೆಮಾಕ್ ಹೆಸರನ್ನು ಎತ್ತಲಿಲ್ಲ. ನಾವು ಬಾಯಿಪಾಠ ಮಾಡಿದ್ದು ವಿರ್ಕೋ ಹೆಸರನ್ನೇ.

ಈ ಚರಿತ್ರೆಯಿಂದ ನಾನು ಕಲಿತದ್ದು ಎರಡು. ತಾಯ್ನುಡಿಯಲ್ಲಿ ಯೋಚಿಸಿ ಬರೆದ ಮಾತ್ರಕ್ಕೆ ವಿಜ್ಞಾನ ಕಡಿಮೆಯಾಗುವುದಿಲ್ಲ. ಯಾರಾದರೂ ಅನುವಾದಿಸಿಕೊಳ್ಳುತ್ತಾರೆ, ಕಾಣ್ಕೆ ನಿಜವಾಗಿರಬೇಕು ಅಷ್ಟೆ. ಇನ್ನೊಂದು, ಪಠ್ಯದಲ್ಲಿ ಹೆಸರು ಬಂದವರಷ್ಟೇ ದುಡಿದವರಲ್ಲ.

ಲ್ಯೂವೆನ್‌ಹುಕ್ ಬಳಸಿದ ಒಂದೇ ಮಸೂರದ ತತ್ವ ಇಂದಿಗೂ ಉಪಯೋಗದಲ್ಲಿದೆ. ಭಾರತದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ಮತ್ತು ಅವರ ತಂಡ ಅದನ್ನೇ ಬಳಸಿ 'ಫೋಲ್ಡ್‌ಸ್ಕೋಪ್' ಎಂಬ ಕಾಗದದ ಸೂಕ್ಷ್ಮದರ್ಶಕ ರೂಪಿಸಿದೆ. ಬೆಲೆ ಕಡಿಮೆ, ಜೇಬಿನಲ್ಲಿ ಹಿಡಿಯುತ್ತದೆ. ಹಳೆಯ ವಿದ್ಯಾರ್ಥಿಗಳಾದ ನಾವು ಕೈಜೋಡಿಸಿದರೆ ನಮ್ಮ ಶಾಲೆಯ ಪ್ರತಿ ಮಗುವಿನ ಕೈಗೂ ಒಂದೊಂದು ಕೊಡಬಹುದು. ಈರುಳ್ಳಿಯ ಒಳಪೊರೆ ಮನೆಯಲ್ಲೇ ಇದೆ, ನೀರು ಊರ ಕೆರೆಯಲ್ಲಿದೆ. ಮಕ್ಕಳು ಒಂದು ಅಂಕದ ಉತ್ತರವನ್ನು ಕಣ್ಣಾರೆ ಕಂಡು ಬರೆಯಲಿ.