ಗರ್ಭಸ್ಥ ಹೃದಯ ಮತ್ತು ಆಮ್ಲಜನಕದ ಅಭಾವ: ಒಂದು ತಿಳಿವಳಿಕೆಯ ಇತಿಹಾಸ

ಹೆರಿಗೆಯ ವೇಳೆ ಶಿಶುವಿನ ಎದೆಬಡಿತ ನಿಧಾನವಾದರೆ ಅದು ಅಪಾಯದ ಸೂಚನೆ ಎಂಬ ಅರಿವು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ್ದಾದರೆ, ಆ ನಿಧಾನಗತಿ ಶಿಶುವಿನ ದೇಹ ಆತ್ಮರಕ್ಷಣೆಗೆ ಹೂಡುವ ಉಪಾಯವೂ ಹೌದೆಂದು ಮನವರಿಕೆಯಾಗಲು ಮತ್ತೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಗರ್ಭಜಲದ ಸದ್ದು ಕೇಳೀತೇ ಎಂದು ಸ್ಟೆತೊಸ್ಕೋಪ್ ಇಟ್ಟಿದ್ದ ಫ್ರೆಂಚ್ ವೈದ್ಯ ಕೆರ್ಗರಾಡೆಕ್ ಅವರಿಗೆ ಗಡಿಯಾರದ ಟಿಕ್‌ಟಿಕ್‌ನಂಥ ಬಡಿತ ಕೇಳಿಸಿತು. ಅವರ ಪ್ರಬಂಧ 1822ರಲ್ಲಿ ಪ್ರಕಟವಾಯಿತು. 1833ರಲ್ಲಿ ಡಬ್ಲಿನ್ನಿನ ಎವರಿ ಕೆನಡಿ, ನೋವು ಬಂದು ಇಳಿದ ಮೇಲೂ ಬಡಿತ ಬೇಗ ಚೇತರಿಸಿಕೊಳ್ಳದಿದ್ದರೆ ಶಿಶು ಸಂಕಟದಲ್ಲಿದೆ ಎಂದು ಬರೆದರು.

ಆ ಸಂಕಟವನ್ನು ಅರಿಯಲು, ಗರ್ಭದಲ್ಲಿ ಶಿಶುವಿಗೆ ಆಮ್ಲಜನಕ ಎಷ್ಟು ದಕ್ಕುತ್ತದೆ ಎಂಬುದು ತಿಳಿಯಬೇಕಿತ್ತು. ಪೆರುವಿನ ಸೆರೊ ದೆ ಪಾಸ್ಕೊದಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ಮನುಷ್ಯರ ರಕ್ತವನ್ನು ಪರೀಕ್ಷಿಸಿದ್ದ ಕೇಂಬ್ರಿಜ್‌ನ ಜೋಸೆಫ್ ಬಾರ್ಕ್ರಾಫ್ಟ್ ಮುಂದೆ ಗಬ್ಬದ ಕುರಿಗಳತ್ತ ತಿರುಗಿ, ಗರ್ಭವಾಸವನ್ನು ಎವರೆಸ್ಟ್ ಶಿಖರವಾಸಕ್ಕೆ ಹೋಲಿಸಿದರು. ವಯಸ್ಕರ ಅಪಧಮನಿಯಲ್ಲಿ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳದಲ್ಲಿ, ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸವಿದ್ದರೆ, ಮಾಸಿನಿಂದ ಶಿಶುವಿಗೆ ಬರುವ ರಕ್ತದಲ್ಲಿ ಅದು ಸುಮಾರು 30 ಮಾತ್ರ. ಹೋಲಿಕೆ ಆಕರ್ಷಕವಾದರೂ ಸ್ವಲ್ಪ ದಾರಿ ತಪ್ಪಿಸುವಂಥದು. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ವಿಶಿಷ್ಟ ಹಿಮೋಗ್ಲೋಬಿನ್ ಮತ್ತು ಧಾರಾಳವಾದ ರಕ್ತಪ್ರವಾಹಗಳಿಂದಾಗಿ ಆರೋಗ್ಯವಂತ ಶಿಶುವಿಗೆ ಅಲ್ಲಿ ಕೊರತೆಯೇನೂ ಇರುವುದಿಲ್ಲ.

ನಿಜವಾದ ಅಭಾವ ಬಂದಾಗ ಏನಾಗುತ್ತದೆ ಎಂಬುದು ಸ್ಪಷ್ಟವಾದದ್ದು, ಕುರಿಯ ಗರ್ಭದಲ್ಲಿನ ಮರಿಯ ರಕ್ತನಾಳಕ್ಕೆ ಸಣ್ಣ ನಳಿಕೆ ಜೋಡಿಸಿ, ಅರಿವಳಿಕೆ ಇಳಿದ ಮೇಲೆ ದಿನಗಟ್ಟಲೆ ಗಮನಿಸುವ ವಿಧಾನ 1960ರ ದಶಕದಲ್ಲಿ ರೂಢಿಗೆ ಬಂದ ಬಳಿಕವೇ. ಕತ್ತಿನ ಅಪಧಮನಿಯ ಬಳಿಯಿರುವ, ರಕ್ತದ ಆಮ್ಲಜನಕವನ್ನು ಗ್ರಹಿಸುವ ಪುಟ್ಟ ಅಂಗಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ. ಕೈಕಾಲು, ಚರ್ಮ, ಕರುಳುಗಳ ರಕ್ತನಾಳಗಳು ಸಂಕುಚಿಸಿ, ರಕ್ತ ಮಿದುಳು, ಹೃದಯ ಮತ್ತು ಅಡ್ರಿನಲ್ ಗ್ರಂಥಿಗಳತ್ತ ಹರಿಯುತ್ತದೆ. ಕತ್ತಿನ ಆ ಪುಟ್ಟ ಅಂಗಗಳಿಂದ ಹೊರಡುವ ನರಗಳನ್ನು ಕತ್ತರಿಸಿದರೆ ಬಡಿತದ ಈ ತಕ್ಷಣದ ಇಳಿತ ಕಾಣುವುದಿಲ್ಲವೆಂದು 1993ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಆದರೆ ಈ ಉಪಾಯಕ್ಕೂ ಮಿತಿಯುಂಟು. ಆಕ್ಸ್‌ಫರ್ಡಿನ ಜೆಫ್ರಿ ಡಾಸ್, ಜೋನ್ ಮಾಟ್ ಮತ್ತು ಹೆದರ್ ಶೆಲ್ಲಿ 1959ರಲ್ಲೇ ತೋರಿಸಿದಂತೆ, ಆಮ್ಲಜನಕ ಪೂರ್ತಿ ನಿಂತಾಗ ಮರಿ ಎಷ್ಟು ಹೊತ್ತು ಬದುಕುತ್ತದೆ ಎಂಬುದು ಹೃದಯದ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಅವಲಂಬಿಸಿದೆ. ಹೆರಿಗೆ ಕೋಣೆಯ ಯಂತ್ರವು ಬಡಿತವನ್ನು ಕಾಗದದ ಮೇಲೆ ಗೀಚಿ ತೋರಿಸುತ್ತದೆಯೇ ಹೊರತು, ಆ ದಾಸ್ತಾನು ಎಷ್ಟು ಉಳಿದಿದೆ ಎಂಬುದನ್ನಲ್ಲ.