ಕ್ರೂಸ್ ಪ್ರವಾಸದ ಕೊನೆಯ ಬೆಳಗು: ಹಡಗಿನಿಂದ ಇಳಿಯುವ ಮುನ್ನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಬೈರಾಪಟ್ಟಣ: ಬೈರಾಪಟ್ಟಣ, ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರಗಳ ಸೀಮೆಗೆ ಕಡಲು ದೂರ. ಆದರೆ ಒಳನಾಡಿನ ಕುಟುಂಬಗಳಿಗೆ ವಿಹಾರ ನೌಕೆಯ ಪ್ರವಾಸ ಈಗ ಕೇವಲ ಸಿನಿಮಾದಲ್ಲಿ ಕಾಣುವ ವೈಭವವಾಗಿ ಉಳಿದಿಲ್ಲ. ಮಕ್ಕಳ ರಜೆ, ಹಿರಿಯರ ಷಷ್ಟ್ಯಬ್ದಿ ಮುಂತಾದ ಸಂದರ್ಭಗಳಲ್ಲಿ ಮೂರು ತಲೆಮಾರಿನವರು ಒಟ್ಟಾಗಿ ಹಡಗು ಹತ್ತುವುದುಂಟು. ಹತ್ತುವ ದಿನದ ಬಗ್ಗೆ ಪ್ರವಾಸ ಏಜೆಂಟರು ವಿವರವಾಗಿ ಹೇಳುತ್ತಾರೆ. ಇಳಿಯುವ ದಿನದ ಬಗ್ಗೆ ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಪರಿಣಾಮವಾಗಿ ನಾಲ್ಕಾರು ದಿನ ನೆಮ್ಮದಿಯಿಂದ ಕಳೆದ ಕುಟುಂಬ, ಕೊನೆಯ ಮೂರು ಗಂಟೆಗಳಲ್ಲಿ ಬಳಲಿ ಬೆಂಡಾಗುತ್ತದೆ.

ಕೊನೆಯ ಬೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಹಿಂದಿನ ರಾತ್ರಿಯ ಎರಡು ತಪ್ಪುಗಳಿಂದ ಹುಟ್ಟುತ್ತವೆ. ಒಂದು, ಕೈಯಲ್ಲಿರಬೇಕಾದ ವಸ್ತು ದೊಡ್ಡ ಪೆಟ್ಟಿಗೆ ಸೇರುವುದು. ಇನ್ನೊಂದು, ಹಡಗು ದಡ ಸೇರುವ ಸಮಯವನ್ನೇ ಪ್ರಯಾಣಿಕರು ಇಳಿಯುವ ಸಮಯವೆಂದು ತಿಳಿಯುವುದು.

ಯಾವ ಹಡಗು, ಯಾವ ಬಂದರು

ಭಾರತದಲ್ಲಿ ಕ್ರೂಸ್ ಪ್ರವಾಸ ತೀರಾ ಹೊಸದಲ್ಲ. ಸ್ಟಾರ್ ಕ್ರೂಸಸ್ ಸಂಸ್ಥೆಯ 'ಸೂಪರ್‌ಸ್ಟಾರ್ ಲಿಬ್ರಾ' 2005ರಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿತ್ತು. 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ಸೇವೆ ಆರಂಭಿಸಿದ ನೌಕೆಯೇ ಇಂದಿನ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್'. ಅದು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಯಾನ ಆರಂಭಿಸಿತು. 2023ರ ಜೂನ್ 5ರಂದು ಚೆನ್ನೈಯಿಂದ ಶ್ರೀಲಂಕಾಕ್ಕೆ ಹೊರಟ ಯಾನಕ್ಕೂ ಇದೇ ನೌಕೆ ಬಳಕೆಯಾಯಿತು. ಋತುಮಾನಕ್ಕೆ ತಕ್ಕಂತೆ ಹಡಗುಗಳ ಮಾರ್ಗ ಬದಲಾಗುವುದರಿಂದ, ಟಿಕೆಟ್ ಕಾಯ್ದಿರಿಸುವಾಗ ಹೊರಡುವ ಬಂದರನ್ನಷ್ಟೇ ಅಲ್ಲ, ಇಳಿಯುವ ಬಂದರನ್ನೂ ಖಚಿತಪಡಿಸಿಕೊಳ್ಳಬೇಕು. ಎರಡೂ ಒಂದೇ ಆಗಿರಬೇಕೆಂದಿಲ್ಲ.

ರಾಜ್ಯದ ನವ ಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಆದರೆ ಅವುಗಳಿಗೆ ಅದು ಸಾಮಾನ್ಯವಾಗಿ ನಡುವಿನ ತಂಗುದಾಣ. ಪ್ರಯಾಣಿಕರು ಬೆಳಿಗ್ಗೆ ಇಳಿದು ಕಾರ್ಕಳ, ಮೂಡುಬಿದಿರೆಗಳನ್ನು ನೋಡಿ ಸಂಜೆ ಹಡಗಿಗೆ ಮರಳುತ್ತಾರೆ. ಅಂಥ ದಿನ ಕೋಣೆ ಖಾಲಿ ಮಾಡಬೇಕಿಲ್ಲ, ಸಾಮಾನು ಹೊರಬೇಕಿಲ್ಲ. ಕೊನೆಯ ಬಂದರಿನ ಕ್ರಮವೇ ಬೇರೆ. ಅಲ್ಲಿ ಇಡೀ ಹಡಗು ಕೆಲವೇ ಗಂಟೆಗಳಲ್ಲಿ ಖಾಲಿಯಾಗಬೇಕು. ಬಹುತೇಕ ಯಾನಗಳಲ್ಲಿ ಅದೇ ದಿನ ಮಧ್ಯಾಹ್ನದಿಂದ ಹೊಸ ಪ್ರಯಾಣಿಕರು ಹತ್ತತೊಡಗುತ್ತಾರೆ. ಅಷ್ಟರೊಳಗೆ ನೂರಾರು ಕೋಣೆಗಳ ಹಾಸಿಗೆ ಬದಲಾಗಬೇಕು, ಕಸ ಇಳಿಯಬೇಕು, ದಿನಸಿ ಏರಬೇಕು. ಸಿಬ್ಬಂದಿಯ ಅವಸರಕ್ಕೆ ಇದೇ ಕಾರಣ.

ಬೆಳಗು ಆರಂಭವಾಗುವುದು ಹಿಂದಿನ ರಾತ್ರಿ

ಯಾನದ ಕೊನೆಯ ಪೂರ್ಣ ದಿನದಂದು ಕೋಣೆಗೆ ಒಂದು ಸೂಚನಾ ಪತ್ರವೂ ಬಣ್ಣದ ಅಥವಾ ಸಂಖ್ಯೆಯ ಟ್ಯಾಗ್‌ಗಳೂ ಬರುತ್ತವೆ. ಕೆಲವು ಹಡಗುಗಳಲ್ಲಿ ಈ ಮಾಹಿತಿ ಮೊಬೈಲ್ ಆ್ಯಪ್ ಮೂಲಕ ದೊರೆಯುತ್ತದೆ. ಯಾವ ಗುಂಪು ಎಷ್ಟು ಹೊತ್ತಿಗೆ ಇಳಿಯಬೇಕೆಂಬುದನ್ನು ಟ್ಯಾಗ್ ಸೂಚಿಸುತ್ತದೆ. ಕುಟುಂಬಕ್ಕೆ ಎರಡು ಮೂರು ಕೋಣೆಗಳಿದ್ದರೆ ಎಲ್ಲರಿಗೂ ಒಂದೇ ಗುಂಪಿನ ಟ್ಯಾಗ್ ಬಂದಿದೆಯೇ ಎಂದು ನೋಡಬೇಕು. ಬಂದಿರದಿದ್ದರೆ ಅಂದೇ ಹಡಗಿನ ಸ್ವಾಗತ ಕೌಂಟರಿನಲ್ಲಿ ಕೇಳಿ ಬದಲಿಸಿಕೊಳ್ಳುವುದು ಲೇಸು.

ಟ್ಯಾಗ್ ಕಟ್ಟಿದ ದೊಡ್ಡ ಪೆಟ್ಟಿಗೆಗಳನ್ನು ರಾತ್ರಿ ಸೂಚಿತ ಸಮಯದೊಳಗೆ, ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುನ್ನ, ಕೋಣೆಯ ಬಾಗಿಲ ಹೊರಗಿಡಬೇಕು. ಸಿಬ್ಬಂದಿ ಅವುಗಳನ್ನು ಒಯ್ದು, ಹಡಗು ದಡ ಸೇರಿದ ಬಳಿಕ ಟರ್ಮಿನಲ್‌ಗೆ ಇಳಿಸುತ್ತಾರೆ. ಒಮ್ಮೆ ಹೋದ ಪೆಟ್ಟಿಗೆ ಮತ್ತೆ ಕಣ್ಣಿಗೆ ಬೀಳುವುದು ದಡದ ಮೇಲೆಯೇ. ಹಳೆಯ ವಿಮಾನ ಪ್ರಯಾಣದ ಚೀಟಿಗಳನ್ನು ಕಿತ್ತುಹಾಕಿ, ಪೆಟ್ಟಿಗೆಯ ಒಳಗೂ ಹೊರಗೂ ಹೆಸರು ಬರೆದಿಡುವುದು ಉಪಯುಕ್ತ. ಒಂದೇ ಬಣ್ಣದ ಪೆಟ್ಟಿಗೆಗಳು ಹತ್ತಾರು ಇರುವುದರಿಂದ ಹಿಡಿಗೆ ಬಟ್ಟೆಯ ತುಂಡೊಂದನ್ನು ಕಟ್ಟಿದರೆ ಗುರುತಿಸುವುದು ಸುಲಭ.

ಇಲ್ಲಿ ಆಗುವ ಸಾಮಾನ್ಯ ಪ್ರಮಾದವೆಂದರೆ ಮರುದಿನ ತೊಡಬೇಕಾದ ಬಟ್ಟೆ, ಪಾದರಕ್ಷೆಗಳೂ ಪೆಟ್ಟಿಗೆಯೊಳಗೆ ಹೋಗಿಬಿಡುವುದು. ರಾತ್ರಿಯುಡುಗೆಯಲ್ಲಿಯೇ ಬಂದರಿಗೆ ಇಳಿಯುವ ಮುಜುಗರ ಇದರಿಂದ ಎದುರಾಗುತ್ತದೆ. ಪ್ರತಿಯೊಬ್ಬರ ಬೆಳಗಿನ ಬಟ್ಟೆಯನ್ನು ತೆಗೆದಿಟ್ಟ ನಂತರವೇ ಪೆಟ್ಟಿಗೆ ಮುಚ್ಚಬೇಕು.

ಕಡಿಮೆ ಸಾಮಾನಿರುವವರು ಪೆಟ್ಟಿಗೆಯನ್ನು ತಾವೇ ಹೊತ್ತು ಮೊದಲು ಇಳಿಯುವ ಅವಕಾಶ ಹಲವು ಹಡಗುಗಳಲ್ಲಿದೆ. ಆದರೆ ಲಿಫ್ಟ್‌ಗಳ ಮುಂದೆ ನೂಕುನುಗ್ಗಲು ಇರುತ್ತದೆ. ಎಳೆಯ ಮಕ್ಕಳು, ಮಂಡಿನೋವಿನ ಹಿರಿಯರು ಇರುವ ಕುಟುಂಬಕ್ಕೆ ಈ ಕ್ರಮ ಹೊಂದುವುದಿಲ್ಲ.

ಔಷಧ ಕೈಚೀಲದಲ್ಲಿಯೇ ಇರಲಿ

ಬಟ್ಟೆ ಮರೆತರೆ ಮುಜುಗರ, ಔಷಧ ಮರೆತರೆ ಅಪಾಯ. ರಾತ್ರಿ ಬಾಗಿಲ ಹೊರಗಿಟ್ಟ ಪೆಟ್ಟಿಗೆ ಕೈಗೆ ಸಿಗುವಾಗ ಹತ್ತು ಹನ್ನೆರಡು ಗಂಟೆಗಳು ಕಳೆದಿರುತ್ತವೆ. ರಕ್ತದೊತ್ತಡ, ಹೃದ್ರೋಗ, ಅಪಸ್ಮಾರದ ಮಾತ್ರೆಗಳ ಬೆಳಗಿನ ಸರದಿ ಅಷ್ಟರಲ್ಲಿ ತಪ್ಪಿಹೋಗಬಹುದು. ಉಬ್ಬಸದ ಇನ್‌ಹೇಲರ್, ಮಕ್ಕಳ ಜ್ವರದ ಔಷಧ, ವೈದ್ಯರ ಚೀಟಿ ಇವೆಲ್ಲವೂ ಕೈಚೀಲದಲ್ಲಿಯೇ ಇರಬೇಕು.

ಮಧುಮೇಹಿಗಳು ಎರಡು ವಿಷಯಗಳನ್ನು ಗಮನಿಸಬೇಕು. ಕೋಣೆಯ ಪುಟ್ಟ ಫ್ರಿಜ್‌ನಲ್ಲಿಟ್ಟ ಇನ್ಸುಲಿನ್ ಅಲ್ಲಿಯೇ ಉಳಿದುಬಿಡುವ ಸಂಭವ ಹೆಚ್ಚು. ರಾತ್ರಿಯೇ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿಕೊಳ್ಳುವುದು ಸರಳ ಉಪಾಯ. ಎರಡನೆಯದಾಗಿ, ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡ ಮೇಲೆ ತಿಂಡಿಯ ಸಾಲು ಉದ್ದವಿದೆಯೆಂದು ಊಟ ಮುಂದೂಡಬಾರದು. ರಕ್ತದ ಸಕ್ಕರೆ ಅಂಶ ಕುಸಿದು ಬೆವರು, ನಡುಕ, ತಲೆಸುತ್ತು ಕಾಣಿಸಿಕೊಳ್ಳಬಹುದು. ಗುಂಪಿನ ಸರದಿಗಾಗಿ ಕಾಯುವಾಗ ಕೈಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ, ಬಿಸ್ಕತ್ತು ಇಟ್ಟುಕೊಂಡಿರಬೇಕು.

ಲೆಕ್ಕ ಚುಕ್ತಾ

ಹಡಗಿನಲ್ಲಿ ದಿನನಿತ್ಯದ ಖರೀದಿಗೆ ನಗದು ಬಳಸುವ ಪದ್ಧತಿ ಕಡಿಮೆ. ಕೋಣೆಯ ಕಾರ್ಡ್‌ಗೆ ಖರ್ಚು ಸೇರುತ್ತಾ ಹೋಗುತ್ತದೆ. ಅಂಗಡಿಯ ಸಾಮಾನು, ಫೋಟೊ, ಇಂಟರ್‌ನೆಟ್, ಮಕ್ಕಳು ಕುಡಿದ ತಂಪು ಪಾನೀಯ, ವಿಹಾರದ ಶುಲ್ಕ, ಸೇವಾ ಶುಲ್ಕ ಎಲ್ಲವೂ ಕೊನೆಯ ಪಟ್ಟಿಯಲ್ಲಿ ಕಾಣಿಸುತ್ತವೆ. ಪಟ್ಟಿಯನ್ನು ಕೊನೆಯ ಸಂಜೆಯೇ ತರಿಸಿ ಓದಬೇಕು. ತಕರಾರುಗಳಿದ್ದರೆ ರಾತ್ರಿಯೇ ಕೇಳುವುದು ಒಳಿತು. ಬೆಳಿಗ್ಗೆ ಕೌಂಟರಿನ ಮುಂದೆ ಸಾಲು ಬೆಳೆದಿರುತ್ತದೆ. ಮುಂಗಡವಾಗಿ ನಗದು ಠೇವಣಿ ಇಟ್ಟವರು ಉಳಿದ ಹಣವನ್ನು ಇಳಿಯುವ ಮುನ್ನವೇ ಪಡೆಯಬೇಕು.

ವಿದೇಶ ಯಾನಗಳಲ್ಲಿ ಕೆಲವು ಹಡಗುಗಳು ಪ್ರಯಾಣಿಕರ ಪಾಸ್‌ಪೋರ್ಟ್‌ಗಳನ್ನು ತಮ್ಮ ವಶದಲ್ಲಿ ಇರಿಸಿಕೊಳ್ಳುತ್ತವೆ. ಅವನ್ನು ಮರಳಿಸುವ ಸ್ಥಳ, ಸಮಯಗಳನ್ನು ಸೂಚನಾ ಪತ್ರದಲ್ಲಿ ನೋಡಿಕೊಳ್ಳಬೇಕು. ಪಡೆದ ಮೇಲೆ ಮನೆಯವರೆಲ್ಲರ ಪಾಸ್‌ಪೋರ್ಟ್ ಎಣಿಸಿ, ಒಬ್ಬರ ಬಳಿಯೇ ಇಡುವುದು ಒಳ್ಳೆಯದು.

ದಡ ಸೇರಿದ ತಕ್ಷಣ ಇಳಿಯಲಾಗದು

ನಸುಕಿನಲ್ಲಿ ಬಂದರಿನ ಪೈಲಟ್ ಹಡಗನ್ನೇರಿ ದಾರಿ ತೋರುತ್ತಾನೆ. ಹಗ್ಗ ಬಿಗಿದು ಹಡಗು ನಿಂತ ಮೇಲೂ ಬಂದರಿನ ಅಧಿಕಾರಿಗಳ ಅನುಮತಿ ದೊರೆಯಬೇಕು. ವಿದೇಶದಿಂದ ಬಂದ ಹಡಗಾದರೆ ಆರೋಗ್ಯ, ವಲಸೆ ಮತ್ತು ಸೀಮಾಸುಂಕ ಇಲಾಖೆಗಳ ಕ್ರಮಗಳೂ ಇರುತ್ತವೆ. ಆ ಬಳಿಕ ಧ್ವನಿವರ್ಧಕದಲ್ಲಿ ಗುಂಪುಗಳನ್ನು ಒಂದೊಂದಾಗಿ ಕರೆಯಲಾಗುತ್ತದೆ. ಹಡಗು 6 ಗಂಟೆಗೆ ದಡ ಮುಟ್ಟಿದರೂ ಕೊನೆಯ ಗುಂಪು ಇಳಿಯುವಾಗ 9 ಅಥವಾ 10 ಆಗುವುದು ಅಸಹಜವೇನಲ್ಲ.

ಕೋಣೆಯನ್ನು ಬೆಳಿಗ್ಗೆ 8ರ ಆಸುಪಾಸಿನಲ್ಲಿಯೇ ಬಿಡಬೇಕಾಗುತ್ತದೆ. ಬಿಡುವ ಮುನ್ನ ಲಾಕರ್, ಫ್ರಿಜ್, ಸ್ನಾನದ ಮನೆ, ಬಾಗಿಲ ಹಿಂದಿನ ಕೊಕ್ಕೆ, ಹಾಸಿಗೆಯ ಕೆಳಗೆ, ಗೋಡೆಯ ಚಾರ್ಜರ್ ಇವಿಷ್ಟನ್ನೂ ನೋಡಬೇಕು. ತಿಂಡಿಯ ವೇಳೆ ಅಂದು ಬೇಗ ಆರಂಭವಾಗಿ ಬೇಗ ಮುಗಿಯುತ್ತದೆ. ಈಜುಕೊಳ, ಮಕ್ಕಳ ಆಟದ ಕೇಂದ್ರಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಆದ್ದರಿಂದ ಕಾಯುವ ಹೊತ್ತಿಗೆ ಮಕ್ಕಳಿಗೊಂದು ಪುಸ್ತಕವೋ ಆಟಿಕೆಯೋ ಕೈಚೀಲದಲ್ಲಿರಲಿ.

ಗಾಲಿಕುರ್ಚಿ ಬೇಕಿರುವ ಹಿರಿಯರಿದ್ದರೆ ಹಿಂದಿನ ದಿನವೇ ಹೆಸರು ಕೊಡಬೇಕು. ಹಡಗಿನ ಗಾಲಿಕುರ್ಚಿ ಟರ್ಮಿನಲ್ ದಾಟಿ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಇಳಿಯುವ ಸೇತುವೆಯ ಬಳಿ ಕಾರ್ಡನ್ನು ಕೊನೆಯ ಬಾರಿ ತೋರಿಸಬೇಕಾಗುತ್ತದೆ. ಒಮ್ಮೆ ಹೊರಗೆ ದಾಖಲಾದವರು, ಮರೆತ ವಸ್ತುವಿಗಾಗಿ ಮತ್ತೆ ಒಳಹೋಗುವುದು ಕಷ್ಟ.

ಸುಂಕ, ವೀಸಾ ಮತ್ತು ಚನ್ನಪಟ್ಟಣದ ಬೊಂಬೆ

ಮುಂಬೈ-ಗೋವಾದಂಥ ದೇಶೀಯ ಯಾನದಲ್ಲಿ ವಲಸೆ ತಪಾಸಣೆಯ ಪ್ರಶ್ನೆಯಿಲ್ಲ. ಶ್ರೀಲಂಕಾ, ಸಿಂಗಪುರಗಳ ಯಾನಕ್ಕೆ ವಿಮಾನ ನಿಲ್ದಾಣದಲ್ಲಿರುವ ನಿಯಮಗಳೇ ಅನ್ವಯ. ಭಾರತದ 2016ರ ಬ್ಯಾಗೇಜ್ ನಿಯಮಗಳು ಸುಂಕರಹಿತ ಮದ್ಯದ ಮಿತಿಯನ್ನು 2 ಲೀಟರ್ ಎಂದು ನಿಗದಿಪಡಿಸಿದ್ದವು. ಇಂಥ ಮಿತಿಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಪರಿಶೀಲಿಸಬೇಕು. ಹಡಗಿನ ಅಂಗಡಿಯಲ್ಲಿ ಕೊಂಡ ವಸ್ತುವಿನ ರಸೀದಿ ಕೈಯಲ್ಲಿರಲಿ.

ಸಿಂಗಪುರದಿಂದ ಹೊರಟು ಬೇರೆ ದೇಶದ ಬಂದರು ಕಂಡು ಸಿಂಗಪುರಕ್ಕೇ ಮರಳುವವರು, ಆ ಮರಳುವಿಕೆ ಹೊಸ ಪ್ರವೇಶವೆಂಬುದನ್ನು ಮರೆಯಬಾರದು. ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಅವಕಾಶವಿರುವ ವೀಸಾ ಇದೆಯೇ ಎಂಬುದನ್ನು ಊರಿನಲ್ಲಿಯೇ ನೋಡಿಕೊಳ್ಳಬೇಕು. ಸಿಂಗಪುರದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿರುವುದೂ ನೆನಪಿರಲಿ.

ಆಸ್ಟ್ರೇಲಿಯಾದಲ್ಲಿರುವ ಬಂಧುಗಳ ಜೊತೆ ಕ್ರೂಸ್‌ಗೆ ಹೋಗುವ ಈ ಭಾಗದ ಜನರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಉಡುಗೊರೆಯೆಂದು ಒಯ್ಯುವ ಚನ್ನಪಟ್ಟಣದ ಬೊಂಬೆ ಮರದ್ದು. ಕೀಟ, ರೋಗಗಳ ಭಯದಿಂದ ಮರದ ವಸ್ತುಗಳನ್ನು ಆ ದೇಶದ ಜೈವಿಕ ಸುರಕ್ಷತಾ ಅಧಿಕಾರಿಗಳಿಗೆ ಘೋಷಿಸಲೇಬೇಕು. ವಿದೇಶಿ ಬಂದರುಗಳನ್ನು ಕಂಡು ಬರುವ ಹಡಗು ಸಿಡ್ನಿಯಲ್ಲಿ ಯಾನ ಮುಗಿಸಿದರೂ ಈ ನಿಯಮ ತಪ್ಪದು. ಘೋಷಿಸಿದರೆ ಪರೀಕ್ಷಿಸುತ್ತಾರೆ, ಮುಚ್ಚಿಟ್ಟರೆ ದಂಡ ವಿಧಿಸಬಹುದು.

ಬೆಳಗಿನ ರೈಲು ಬೇಡ

ಬಂದರಿನಿಂದ ಊರಿಗೆ ಮರಳುವ ಟಿಕೆಟ್ ಕಾಯ್ದಿರಿಸುವಾಗಲೇ ಹಲವರು ಎಡವುತ್ತಾರೆ. ಚೆನ್ನೈ ಬಂದರಿನಿಂದ ಸೆಂಟ್ರಲ್ ನಿಲ್ದಾಣ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಆ ನಂಬಿಕೆಯಲ್ಲಿ ಬೆಳಗಿನ ರೈಲಿಗೆ ಟಿಕೆಟ್ ಪಡೆಯುವುದು ಜಾಣತನವಲ್ಲ. ಬೆಂಗಳೂರು, ಮೈಸೂರಿನತ್ತ ಮಧ್ಯಾಹ್ನದ ನಂತರ ಹೊರಡುವ ರೈಲುಗಳೂ ಇವೆ. ಮಧ್ಯಾಹ್ನ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಅಂಥದೊಂದು. ಮುಂಬೈಯಲ್ಲಿಯೂ ಬೆಳಿಗ್ಗೆ 8ರ ಸುಮಾರಿಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ನೆಚ್ಚಿಕೊಳ್ಳುವಂತಿಲ್ಲ. ಮಂಜು, ಗಾಳಿ, ಬಂದರಿನ ದಟ್ಟಣೆಗಳಿಂದ ಹಡಗು ತಡವಾಗಬಹುದು. ಬೆಳಿಗ್ಗೆ ದಡ ಸೇರುವ ಹಡಗಿನವರು ಮಧ್ಯಾಹ್ನ 1 ಗಂಟೆಗೆ ಮುನ್ನ ರೈಲನ್ನಾಗಲೀ ವಿಮಾನವನ್ನಾಗಲೀ ಇಟ್ಟುಕೊಳ್ಳದಿರುವುದು ಕ್ಷೇಮ.

ಸ್ವಂತ ಕಾರಿನಲ್ಲಿ ಬಂದವರಿಗೆ ಬೇರೊಂದು ತೊಡಕಿದೆ. ಹಲವು ದಿನ ತೇಲಾಡಿದ ದೇಹಕ್ಕೆ ನೆಲದ ಮೇಲೂ ತೂಗಿದಂತೆ ಭಾಸವಾಗುವುದುಂಟು. ಬಹುತೇಕರಿಗೆ ಇದು ಒಂದೆರಡು ದಿನದಲ್ಲಿ ತಾನಾಗಿ ಶಮನವಾಗುತ್ತದೆ. ಆದರೆ ನಿದ್ದೆಗೆಟ್ಟ ಬೆಳಗಿನಲ್ಲಿ, ತೂಗುವ ತಲೆಯಲ್ಲಿ ಚೆನ್ನೈಯಿಂದ ಚನ್ನಪಟ್ಟಣದವರೆಗೆ ಸುಮಾರು 400 ಕಿ.ಮೀ. ಕಾರು ಓಡಿಸುವುದು ವಿವೇಕವಲ್ಲ. ಇನ್ನೊಬ್ಬ ಚಾಲಕರಿರಲಿ, ಇಲ್ಲವೇ ಅಂದು ಅಲ್ಲಿಯೇ ತಂಗುವುದು ಒಳಿತು.

ಕೈಚೀಲದಲ್ಲಿ ಇರಲೇಬೇಕಾದವು

* ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ, ಮುಂದಿನ ಪ್ರಯಾಣದ ಟಿಕೆಟ್
* ಎರಡು ದಿನಕ್ಕಾಗುವಷ್ಟು ಔಷಧ, ವೈದ್ಯರ ಚೀಟಿ, ಕನ್ನಡಕ
* ಒಡವೆ, ನಗದು, ಮನೆಯ ಮತ್ತು ಕಾರಿನ ಬೀಗದ ಕೈ
* ಮೊಬೈಲ್, ಚಾರ್ಜರ್
* ಮಕ್ಕಳಿಗೆ ಒಂದು ಜೊತೆ ಬಟ್ಟೆ, ಪ್ಯಾಕೆಟ್ ಬಿಸ್ಕತ್ತು
* ಹಡಗಿನ ಬಿಲ್ಲು ಮತ್ತು ಖರೀದಿಯ ರಸೀದಿಗಳು

ಈ ಚೀಲ ರಾತ್ರಿ ಸಿದ್ಧವಾಗಿದ್ದರೆ ಬೆಳಗಿನ ಅರ್ಧ ಕೆಲಸ ಮುಗಿದಂತೆ. ಸರದಿ ಬರುವವರೆಗೆ ಮೇಲಿನ ಅಂತಸ್ತಿಗೆ ಹೋಗಿ, ಹಡಗು ಬಂದರಿನಲ್ಲಿ ನಿಂತ ನೋಟವನ್ನು ಮಕ್ಕಳಿಗೂ ಹಿರಿಯರಿಗೂ ತೋರಿಸಲು ಸಮಯ ಉಳಿಯುತ್ತದೆ. ಕೋಣೆ ನೋಡಿಕೊಂಡ ಸಿಬ್ಬಂದಿಗೆ ಕೃತಜ್ಞತೆಯ ಒಂದು ಮಾತು ಹೇಳುವುದಕ್ಕೂ ಬಿಡುವು ಸಿಗುತ್ತದೆ. ಸಂಜೆಯೊಳಗೆ ಅವರು ಇನ್ನೊಂದು ಕುಟುಂಬಕ್ಕೆ ಅದೇ ಕೋಣೆಯನ್ನು ಅಣಿಗೊಳಿಸಬೇಕಾಗಿರುತ್ತದೆ.